ಮಣ್ಣಿನ ಗುರು

ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು ಎಂದು ನಮ್ಮ ಅವ್ವ ಮಾತುಮಾತಿಗೆ ಹೇಳುತ್ತಿದ್ದಳು. ಈ ಗಾದೆಯನ್ನು ಕೇಳುತ್ತಲೇ ಬೆಳೆದ ನನಗೆ, ಯಾರೂ ಹೇಳಿಕೊಡದೆ ತಾನಾಗಿ ಕಲಿತದ್ದೇ ನಿಜವಾದ ವಿದ್ಯೆ ಎಂಬ ನಂಬಿಕೆ ಬೇರೂರಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಗಾದೆಯಲ್ಲಿ ಒಂದು ಪ್ರಶ್ನೆ ಕೇಳದೆ ಉಳಿದುಹೋಗಿದೆ ಎಂದು ಈಗ ನನಗೆ ಅನ್ನಿಸುತ್ತದೆ. ನಾನೇ ಬೇಯಿಸಿದ್ದನ್ನು ನಾನೇ ಉಣ್ಣುವುದಾದರೆ ತೊಂದರೆಯಿಲ್ಲ. ಅದನ್ನೇ ಇನ್ನೊಬ್ಬರ ಎಲೆಗೆ ಬಡಿಸಿ ದುಡ್ಡು ತೆಗೆದುಕೊಳ್ಳುವಾಗ, ಅದು ಬೆಂದಿದೆಯೋ ಇಲ್ಲವೋ ಎಂದು ಹೇಳುವವರು ಯಾರು?

ನಾನು ಬಿ.ಎ.ಯಲ್ಲಿ ಇತಿಹಾಸ ಓದಿದವಳು. 2016ರಲ್ಲಿ ಮಗಳು ಓದಲೆಂದು ಧಾರವಾಡದ ಹಾಸ್ಟೆಲಿಗೆ ಹೋದಾಗ ಮನೆಯಲ್ಲಿ ಅವಳ ಹಳೆಯ ಕಂಪ್ಯೂಟರ್ ಉಳಿಯಿತು, ಮಧ್ಯಾಹ್ನದ ಹೊತ್ತೂ ಉಳಿಯಿತು. ಅದೇ ಸಮಯಕ್ಕೆ ನಮ್ಮ ಟಿಳಕವಾಡಿಯ ಹೆಂಗಸರೆಲ್ಲ ಸೇರಿ ನಡೆಸುವ ಮಂಡಳಕ್ಕೊಂದು ಜಾಲತಾಣ ಬೇಕೆಂಬ ಮಾತು ಬಂತು. ವಿಚಾರಿಸಿದರೆ ಇಪ್ಪತ್ತು ಸಾವಿರ ಎಂದರು. ಉಪ್ಪಿನಕಾಯಿ ಮಾರಿ ಇಪ್ಪತ್ತು ಸಾವಿರ ಕೂಡಿಸುವುದು ಎಂದಿಗೆ? ವರ್ಡ್‌ಪ್ರೆಸ್ ಎಂಬುದೊಂದಿದೆ, ಅದು ಪುಕ್ಕಟೆ ಸಿಗುತ್ತದೆ, ಕಲಿತರೆ ನೀನೇ ಮಾಡಬಹುದು ಎಂದು ಮಗಳು ಫೋನಿನಲ್ಲಿ ಹೇಳಿದಳು. ಅಷ್ಟೇ ಅವಳು ಹೇಳಿಕೊಟ್ಟದ್ದು.

ತಿಳಿಯದವರಿಗಾಗಿ ಎರಡು ಮಾತು ಹೇಳಬೇಕು. ಜಾಲತಾಣವೆಂದರೆ ಮೊದಲು ಪುಟಪುಟಕ್ಕೂ ಕೈಯಿಂದ ಬರೆಯಬೇಕಾಗಿದ್ದ ವಸ್ತು. ವರ್ಡ್‌ಪ್ರೆಸ್ ಆ ಕೆಲಸವನ್ನು ಅಡುಗೆಮನೆಯ ಹಾಗೆ ಬೇರೆ ಬೇರೆ ಮಾಡಿಟ್ಟಿದೆ. ಬರಹ, ಚಿತ್ರಗಳ ವಿವರ, ದರಪಟ್ಟಿ ಇವೆಲ್ಲ ಒಂದು ದತ್ತಾಂಶದ ಉಗ್ರಾಣದಲ್ಲಿ ಡಬ್ಬಿಗಳಲ್ಲಿ ತುಂಬಿಟ್ಟಂತೆ ಇರುತ್ತವೆ. ಅವುಗಳನ್ನು ಯಾವ ತಟ್ಟೆಯಲ್ಲಿ ಹೇಗೆ ಬಡಿಸಬೇಕೆಂಬುದನ್ನು ಥೀಮ್ ನೋಡಿಕೊಳ್ಳುತ್ತದೆ. ಮಿಕ್ಸರು, ಗ್ರೈಂಡರು ಇದ್ದಂತೆ, ಬೇಕಾದ ಹೆಚ್ಚಿನ ಕೆಲಸಕ್ಕೆ ಪ್ಲಗಿನ್‌ಗಳನ್ನು ಜೋಡಿಸಿಕೊಳ್ಳಬಹುದು. ಇವುಗಳ ಹಿಂದೆ ಪಿ.ಎಚ್.ಪಿ. ಎಂಬ ಭಾಷೆ ಇದೆ. ಅದರಲ್ಲಿ ಒಂದು ವಾಕ್ಯದ ಕೊನೆಗೆ ಅರ್ಧವಿರಾಮ ಬಿಟ್ಟರೆ ಸಾಕಿತ್ತು, ಆಗೆಲ್ಲ ಇಡೀ ತಾಣ ಬೆಳ್ಳಗೆ, ಖಾಲಿ ಹಾಳೆಯಾಗಿ ನಿಲ್ಲುತ್ತಿತ್ತು. ನನಗೆ ಮೊದಲ ಸಲ ಹಾಗಾದಾಗ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯಲಿಲ್ಲ.

ಕಲಿತದ್ದು ಹೇಗೆಂದರೆ, ತಪ್ಪು ಮಾಡಿ, ಆ ತಪ್ಪಿನ ಹೆಸರು ಹಿಡಿದು ಹುಡುಕಿ. ಇಂಗ್ಲಿಷು ಅರ್ಧ ತಿಳಿಯುತ್ತಿತ್ತು, ಅರ್ಧ ಊಹೆ. ಯಾರೋ ಗುರುತಿಲ್ಲದವರು, ಯಾವುದೋ ದೇಶದವರು, ನನ್ನ ತಪ್ಪನ್ನೇ ಮೊದಲು ಮಾಡಿ ಅದಕ್ಕೆ ಪರಿಹಾರವನ್ನೂ ಬರೆದಿಟ್ಟಿರುತ್ತಿದ್ದರು. ಎಂಟು ತಿಂಗಳಿಗೆ ಮಂಡಳದ ತಾಣ ಎದ್ದು ನಿಂತಿತು. ಅದರ ಕೆಳಗೆ ನನ್ನ ಹೆಸರು ಹಾಕಿದಾಗ ಆದ ಸಂತೋಷವನ್ನು ಏನೆಂದು ಹೇಳಲಿ! ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ನಮ್ಮ ಬೆಳಗಾವಿಯಲ್ಲೇ ಸ್ಥಾಪನೆಯಾಯಿತು. ರಾಜ್ಯದ ಎಂಜಿನಿಯರುಗಳಿಗೆ ಪದವಿ ಕೊಡುವ ಊರಿನಲ್ಲಿ, ಅದರ ಬಾಗಿಲನ್ನೂ ಕಾಣದ ನಾನು ಇದನ್ನು ಮಾಡಿದೆನಲ್ಲ ಎಂಬ ಜಂಬವೂ ಅದರಲ್ಲಿತ್ತು. ಬಂದವರಿಗೆಲ್ಲ ಹೇಳುತ್ತಿದ್ದೆ, ಯಾರೂ ಕಲಿಸಲಿಲ್ಲ, ನಾನೇ ಕಲಿತೆ ಎಂದು.

ಆ ಮಾತು ಪೂರ್ತಿ ನಿಜವಲ್ಲ. ಮಿಷೆಲ್ ವಾಲ್ದ್ರಿಗಿ ಎಂಬಾತ ಬರೆದ ಬಿ2 ಎಂಬ ತಂತ್ರಾಂಶ ಅರ್ಧಕ್ಕೆ ನಿಂತಿದ್ದಾಗ, ಅಮೆರಿಕದ ಮ್ಯಾಟ್ ಮುಲೆನ್ವೆಗ್ ಎಂಬ ಹತ್ತೊಂಬತ್ತು ವರ್ಷದ ಹುಡುಗನೂ ಇಂಗ್ಲೆಂಡಿನ ಮೈಕ್ ಲಿಟಲ್ ಎಂಬಾತನೂ ಅದನ್ನೇ ಎತ್ತಿಕೊಂಡು ಮುಂದುವರಿಸಿದರು. ಹೀಗೆ 2003ರ ಮೇ 27ರಂದು ವರ್ಡ್‌ಪ್ರೆಸ್ ಹೊರಬಂತು. ಅದಕ್ಕೆ ಆ ಹೆಸರು ಸೂಚಿಸಿದವಳು ಕ್ರಿಸ್ಟೀನ್ ಎಂಬ ಗೆಳತಿ. ಬಿ2 ಅನ್ನು ಅವರು ಕದಿಯಲಿಲ್ಲ. ಯಾರು ಬೇಕಾದರೂ ತೆಗೆದುಕೊಂಡು ತಿದ್ದಿ ಹಂಚಬಹುದು, ಆದರೆ ಹಂಚುವಾಗ ಮುಂದಿನವರಿಗೂ ಅದೇ ಹಕ್ಕು ಕೊಡಬೇಕು ಎಂಬ ಜಿ.ಪಿ.ಎಲ್. ಪರವಾನಗಿಯ ಕೆಳಗೆ ಅದು ಇತ್ತು. ವರ್ಡ್‌ಪ್ರೆಸ್ ಕೂಡ ಅದೇ ಪರವಾನಗಿಯಲ್ಲಿದೆ. ಇಂದು ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಅದರ ಮೇಲೆ ನಡೆಯುತ್ತಿವೆ. ಇಷ್ಟೆಲ್ಲ ಕೈಗಳು ದಾಟಿಸಿದ ಬುತ್ತಿಯನ್ನು ಉಂಡು, ನಾನೇ ಬೇಯಿಸಿದೆ ಎಂದರೆ ಹೇಗೆ?

ಏಕಲವ್ಯನ ಕಥೆ ನಮಗೆಲ್ಲ ಗೊತ್ತು. ದ್ರೋಣ ಕಲಿಸಲಾರೆ ಎಂದಾಗ ಅವನು ಮಣ್ಣಿನಿಂದ ದ್ರೋಣನ ಪ್ರತಿಮೆ ಮಾಡಿಕೊಂಡು ಅದರ ಮುಂದೆ ಕಲಿತ. ನಾವು ಈ ಕಥೆ ಹೇಳುವಾಗ ಕೊನೆಯ ಹೆಬ್ಬೆರಳಿಗೇ ಹೋಗಿ ನಿಲ್ಲುತ್ತೇವೆ. ಮಣ್ಣಿನ ಗುರುವಿನ ಬಗ್ಗೆ ಯೋಚಿಸುವುದಿಲ್ಲ. ಮಣ್ಣಿನ ಗುರು ಕೆಳಜಾತಿಯವನೆಂದು ಅಟ್ಟುವುದಿಲ್ಲ, ಹೆಂಗಸೆಂದು ನಗುವುದಿಲ್ಲ, ಸಂಜೆ ಆರಾದರೂ ಬಾಗಿಲು ಹಾಕುವುದಿಲ್ಲ. ಮನೆಯಲ್ಲಿ ಕುಳಿತು ಕಲಿಯುವ ನಮ್ಮಂಥವರಿಗೆ ಅದು ದೊಡ್ಡ ಉಪಕಾರ. ಆದರೆ ಮಣ್ಣಿನ ಗುರು ಇನ್ನೊಂದನ್ನೂ ಮಾಡುವುದಿಲ್ಲ. ‘ಇನ್ನೂ ಆಗಿಲ್ಲ, ತಾಳು’ ಎಂದು ಹೇಳುವುದಿಲ್ಲ. ಆ ಮಾತನ್ನು ಏಕಲವ್ಯ ತನಗೆ ತಾನೇ ಹೇಳಿಕೊಂಡಿರಬೇಕು. ನಾನು ಹೇಳಿಕೊಳ್ಳಲಿಲ್ಲ.

2020ರ ಬೇಸಿಗೆಯಲ್ಲಿ ಲಾಕ್‌ಡೌನ್ ಆಗಿ ಜಾತ್ರೆ, ಸಂತೆ, ಪ್ರದರ್ಶನ ಎಲ್ಲ ನಿಂತವು. ಆಗ ಖಾನಾಪುರದಿಂದ ಒಬ್ಬಾಕೆ ಫೋನು ಮಾಡಿದಳು. ಅವಳ ಮನೆಯವರು ಮಣ್ಣಿನ ಕೆಲಸದವರು. ಖಾನಾಪುರದ ಮಣ್ಣು, ಅಲ್ಲಿಯ ಹೆಂಚು, ಇಟ್ಟಿಗೆ, ಮಡಕೆ ನಮ್ಮ ಕಡೆಯವರಿಗೆ ಹೊಸತಲ್ಲ. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದೂ ಅಲ್ಲಿಯೇ. ಕುಡಿಯುವ ನೀರಿನ ಹೂಜಿ, ಹಣತೆ, ಹೂಕುಂಡ ಎಲ್ಲ ಮಾಡಿಟ್ಟು ಮಾರಲು ದಾರಿಯಿಲ್ಲದೆ ಕುಳಿತಿದ್ದಳು. ಮಂಡಳದ ತಾಣದ ಕೆಳಗೆ ನನ್ನ ಹೆಸರು ನೋಡಿದ್ದಳಂತೆ.

‘ನಿಮಗ ಇದು ಪೂರಾ ಬರ್ತದಲ್ರಿ ಅಕ್ಕಾ?’ ಎಂದು ಕೇಳಿದಳು.

‘ಬರ್ತದ್ರಿ’ ಎಂದೆ.

ಈ ಮೂರಕ್ಷರದ ವಿಚಾರವಾಗಿಯೇ ಇಷ್ಟು ಬರೆಯುತ್ತಿದ್ದೇನೆ. ನನಗೆ ಪೂರಾ ಬರುತ್ತಿರಲಿಲ್ಲ. 2018ರ ಡಿಸೆಂಬರಿನಲ್ಲಿ ವರ್ಡ್‌ಪ್ರೆಸ್‌ನ ಐದನೆಯ ಆವೃತ್ತಿ ಬಂದು ಬರೆಯುವ ವಿಧಾನವೇ ಬದಲಾಗಿತ್ತು. ಅದನ್ನು ಇನ್ನೂ ತಡಕಾಡುತ್ತಿದ್ದೆ. ಭದ್ರತೆಯ ಬಗ್ಗೆ ಏನೂ ಓದಿರಲಿಲ್ಲ. ಎಂಟು ಸಾವಿರಕ್ಕೆ ಮಾತಾಯಿತು.

ಅಂಗಡಿಯ ತಾಣಕ್ಕೆ ತಕ್ಕ ಚೆಂದದ ಥೀಮ್ ಒಂದನ್ನು ನೋಡಿಟ್ಟಿದ್ದೆ. ಅದರ ಬೆಲೆ ನಾಲ್ಕು ಸಾವಿರ. ಅರ್ಧ ದುಡ್ಡು ಅಲ್ಲಿಗೇ ಹೋಗುತ್ತದಲ್ಲ ಎಂದು ಹುಡುಕಿದಾಗ, ಅದೇ ಥೀಮ್ ಇನ್ನೊಂದು ಕಡೆ ಪುಕ್ಕಟೆಯಾಗಿ ಸಿಕ್ಕಿತು. ಮನಸ್ಸು ಕುಟುಕಿತು. ಆದರೆ ಮನಸ್ಸಿಗೆ ವಕೀಲಿಕೆ ಮಾಡುವುದೂ ಗೊತ್ತು. ವರ್ಡ್‌ಪ್ರೆಸ್ ಥೀಮಿನ ಪಿ.ಎಚ್.ಪಿ. ಭಾಗ ಜಿ.ಪಿ.ಎಲ್.ಗೆ ಒಳಪಟ್ಟಿದ್ದಲ್ಲವೇ, ಹಂಚುವುದು ತಪ್ಪಲ್ಲವಲ್ಲ ಎಂದು ವಾದ ಮಾಡಿತು. ಆ ವಾದದಲ್ಲಿ ಹುರುಳಿಲ್ಲದೆಯೂ ಇಲ್ಲ. ಹಂಚುವುದು ಕಾನೂನಿಗೆ ಸರಿಯಿರಬಹುದು. ಆದರೆ ಹಂಚುವವನು ನಡುವೆ ಏನು ಬೆರೆಸಿದ್ದಾನೆಂದು ನೋಡುವ ಕೆಲಸ ನನ್ನದಾಗಿತ್ತು. ಹಾಲು ಯಾರದ್ದೆಂಬ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು, ಹಾಲಿನಲ್ಲಿ ಏನಿದೆ ಎಂಬ ಪ್ರಶ್ನೆಯನ್ನೇ ಬಿಟ್ಟುಬಿಟ್ಟೆ.

ಇದಕ್ಕಿಂತ ಕೆಟ್ಟದ್ದೊಂದಿದೆ. ಆ ಥೀಮಿನ ಒಂದು ಕಡತದ ಕೊನೆಗೆ, ಅರ್ಥವಿಲ್ಲದ ಅಕ್ಷರಗಳ ಉದ್ದನೆಯ ಸಾಲೊಂದು ಇದ್ದುದನ್ನು ಮೊದಲ ದಿನವೇ ಕಂಡಿದ್ದೆ. ಯಾರೋ ತಿಳಿದವರು ಬರೆದದ್ದು, ನನಗೆ ಅರ್ಥವಾಗುವಂಥದ್ದಲ್ಲ ಎಂದು ಮುಂದೆ ಹೋದೆ. ಅರ್ಥವಾಗದ್ದಕ್ಕೆಲ್ಲ ಕೈಮುಗಿದು ಮುಂದೆ ಹೋಗುವುದು ನಮಗೆ ಚಿಕ್ಕಂದಿನಿಂದ ಕಲಿಸಿದ ಪಾಠ.

ತಾಣ ಚೆನ್ನಾಗಿಯೇ ನಡೆಯಿತು. ಪುಣೆಯಿಂದ, ಹುಬ್ಬಳ್ಳಿಯಿಂದ ಕೇಳಿಕೆ ಬಂದವು. ದೀಪಾವಳಿಗೆ ಎರಡು ವಾರ ಇದ್ದಾಗ ಖಾನಾಪುರದಿಂದ ಫೋನು. ಗಿರಾಕಿಯೊಬ್ಬರು ಅವಳನ್ನು ಬಾಯಿಗೆ ಬಂದಂತೆ ಬೈದಿದ್ದರು. ಹಣತೆ ನೋಡಲು ಹೋದರೆ ಹೆಂಡತಿ ಮಕ್ಕಳ ಮುಂದೆ ನೋಡಬಾರದ ಚಿತ್ರ ತೆರೆಯಿತಂತೆ. ನಾನು ಕೂಡಲೇ ತೆರೆದು ನೋಡಿದೆ. ಎಲ್ಲ ಸರಿಯಾಗಿತ್ತು. ಅವರ ಫೋನಿನಲ್ಲೇ ಏನೋ ತೊಂದರೆ ಇರಬೇಕು ಎಂದೆ. ಇನ್ನೂ ನಾಲ್ಕು ಜನ ಅದನ್ನೇ ಹೇಳಿದ ಮೇಲೆ ರಾತ್ರಿಯೆಲ್ಲ ಕುಳಿತು ಓದಿದೆ. ಆ ಉದ್ದನೆಯ ಸಾಲು ಗುಪ್ತವಾಗಿ ಬರೆದ ಆಜ್ಞೆಯಾಗಿತ್ತು. ತಾಣದ ಒಡತಿಯಾಗಿ ಒಳಗೆ ಬಂದವರಿಗೆ ಎಲ್ಲವೂ ಸರಿಯಾಗಿ ಕಾಣಬೇಕು. ಹೊರಗಿನಿಂದ ಹುಡುಕಿಕೊಂಡು ಮೊಬೈಲಿನಲ್ಲಿ ಬಂದವರನ್ನು ಮಾತ್ರ ಹೊಲಸು ತಾಣಕ್ಕೆ ತಳ್ಳಬೇಕು. ಹಾಗಿತ್ತು ಅದರ ಏರ್ಪಾಡು. ನನ್ನ ಕೆಲಸ ನನಗೆ ಕಾಣುವುದು ಒಂದು ರೀತಿ, ಲೋಕಕ್ಕೆ ಕಾಣುವುದು ಇನ್ನೊಂದು ರೀತಿ.

ಬೆಳಿಗ್ಗೆ ಫೋನು ಮಾಡಿ ಅವಳಿಗೆ ಹೇಳಿದೆ, ‘ಸೈಟಿಗೆ ವೈರಸ್ ಬಂದೈತ್ರಿ.’

‘ಅಯ್ಯ, ಊರಿಗೆಲ್ಲಾ ಬಂದೈತಿ, ಅದಕ್ಕೂ ಬಂತೇನ್ರಿ’ ಎಂದು ನಿಟ್ಟುಸಿರು ಬಿಟ್ಟಳು. ಆಮೇಲೆ, ‘ರಾತ್ರೆಲ್ಲಾ ನಿದ್ದಿಗೆಟ್ಟಿರಿ ಕಾಣ್ತೈತಿ. ಸ್ವಚ್ಛ ಮಾಡಾಕ ಐನೂರು ರೂಪಾಯಿ ಕಳಸ್ತೀನಿ ತಡೀರಿ’ ಎಂದಳು. ಬೇಡ ಎನ್ನುವಷ್ಟರಲ್ಲಿ ಫೋನಿಟ್ಟಳು. ಮಧ್ಯಾಹ್ನ ಐನೂರು ರೂಪಾಯಿ ಬಂತು.

ಆ ಐನೂರು ರೂಪಾಯಿ ನನ್ನನ್ನು ತಿಂದಷ್ಟು ಬೇರೆ ಯಾವುದೂ ತಿಂದಿಲ್ಲ. ನಾನು ಮಾಡಿದ ತಪ್ಪನ್ನು ತಿದ್ದಲು, ತಪ್ಪಿನಿಂದ ನಷ್ಟಪಟ್ಟವಳೇ ನನಗೆ ಕೂಲಿ ಕಳಿಸಿದ್ದಳು. ನಾನು ಹೇಳಿದ್ದು ಸುಳ್ಳೇ ಎಂದು ಯೋಚಿಸಿದೆ. ಸುಳ್ಳಲ್ಲ. ವೈರಸ್ ಬಂದದ್ದು ನಿಜ. ನಮ್ಮ ಭಾಷೆ ಈ ವಿಷಯದಲ್ಲಿ ಬಹಳ ಉದಾರಿ. ಹಾಲು ಒಡೆಯಿತು, ಬಟ್ಟಲು ಬಿತ್ತು, ಸಾರಿಗೆ ಉಪ್ಪು ಹೆಚ್ಚಾಯಿತು, ಮಾತು ಬೆಳೆಯಿತು. ಮಾಡಿದವರು ಯಾರೂ ಇಲ್ಲದೆ ಲೋಕದ ಅನಾಹುತಗಳೆಲ್ಲ ತಾವಾಗಿಯೇ ಆಗುತ್ತವೆ. ಬಂತು ಎನ್ನುವುದಕ್ಕೂ ತಂದೆ ಎನ್ನುವುದಕ್ಕೂ ನಡುವೆ ಇರುವುದು ಒಂದೇ ಒಂದು ‘ನಾನು’. ತಾಣದ ಕೆಳಗೆ ಹೆಸರು ಹಾಕುವಾಗ ಓಡಿ ಮುಂದೆ ಬಂದಿದ್ದ ಆ ನಾನು, ಈಗ ವಾಕ್ಯದೊಳಗೇ ಅಡಗಿ ಕುಳಿತಿತ್ತು.

ಮಡಕೆ ಕೊಳ್ಳುವಾಗ ನಾವು ಏನು ಮಾಡುತ್ತೇವೆ? ಬೆರಳ ಗೆಣ್ಣಿನಿಂದ ಬಡಿದು ನೋಡುತ್ತೇವೆ. ಠಣ್ ಎಂದರೆ ಗಟ್ಟಿ. ಬಿರುಕಿದ್ದರೆ ದನಿ ಸತ್ತಿರುತ್ತದೆ. ಮಾರುವವಳು ಸುಳ್ಳು ಹೇಳಿದರೂ ಮಡಕೆ ಹೇಳುವುದಿಲ್ಲ. ಆದರೆ ನಾನು ಮಾಡಿಕೊಟ್ಟ ವಸ್ತುವನ್ನು ಖಾನಾಪುರದ ಆಕೆ ಎಲ್ಲಿ ಬಡಿದು ನೋಡಬೇಕು? ಕೊಳ್ಳುವವರಿಗೆ ಪರೀಕ್ಷಿಸಲು ಬಾರದ ವಸ್ತುವನ್ನು ಮಾರುವಾಗ, ಬಡಿದು ನೋಡುವ ಕೈಯೂ ಮಾರುವವರದ್ದೇ ಆಗಬೇಕಾಗುತ್ತದೆ. ವೈದ್ಯರಿಗೆ, ವಕೀಲರಿಗೆ, ಮೇಷ್ಟ್ರಿಗೆ ಇದು ಹಳೆಯ ವಿಚಾರ. ಅವರಿಗಾದರೆ ಪರೀಕ್ಷೆ ಮಾಡಿ ಕಳಿಸಿದ ಒಂದು ಸಂಸ್ಥೆ ಇರುತ್ತದೆ. ತಾನಾಗಿ ಕಲಿತವಳಿಗೆ ಪರೀಕ್ಷಕಳೂ ತಾನೇ. ಹಾಗಾಗಿ ಅವಳ ಹೊಣೆ ಕಡಿಮೆಯಲ್ಲ, ಇಮ್ಮಡಿ.

ಇಲ್ಲಿ ನನ್ನ ಮುಖಕ್ಕೆ ಹೊಡೆದದ್ದು ಇನ್ನೊಂದು. ಜಿ.ಪಿ.ಎಲ್. ಪರವಾನಗಿಯಲ್ಲಿ, ಈ ತಂತ್ರಾಂಶಕ್ಕೆ ಯಾವ ಖಾತರಿಯೂ ಇಲ್ಲ ಎಂದು ದೊಡ್ಡಕ್ಷರದಲ್ಲಿ ಬರೆದಿರುತ್ತದೆ. ಪುಕ್ಕಟೆ ಕೊಟ್ಟವರು, ಅಷ್ಟು ತಿಳಿದವರು, ಖಾತರಿ ಇಲ್ಲ ಎಂದು ಮೊದಲೇ ಹೇಳಿ ಕೊಟ್ಟಿದ್ದಾರೆ. ದುಡ್ಡು ತೆಗೆದುಕೊಂಡ ನಾನು, ಅರ್ಧ ತಿಳಿದವಳು, ‘ಬರ್ತದ್ರಿ’ ಎಂಬ ಒಂದು ಮಾತಿನಲ್ಲಿ ಪೂರಾ ಖಾತರಿ ಕೊಟ್ಟುಬಿಟ್ಟಿದ್ದೆ.

ನಮ್ಮ ಮನೆಯಿಂದ ಪೇಟೆಗೆ ಹೋಗುವ ದಾರಿಯಲ್ಲಿ ಕಾಂಗ್ರೆಸ್ ಬಾವಿ ಇದೆ. 1924ರ ಡಿಸೆಂಬರಿನಲ್ಲಿ ಇಲ್ಲಿ ನಡೆದ ಅಧಿವೇಶನಕ್ಕೆ ನೀರಿಗಾಗಿ ತೋಡಿಸಿದ್ದು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ಅದು. ಜನ ಸಿದ್ಧರಾಗುವ ಮೊದಲೇ ಸತ್ಯಾಗ್ರಹಕ್ಕೆ ಕರೆಕೊಟ್ಟೆ, ಅದು ಹಿಮಾಲಯದಷ್ಟು ದೊಡ್ಡ ತಪ್ಪೆಣಿಕೆ ಎಂದು 1919ರಲ್ಲಿ ನಡಿಯಾದ್ ಊರಿನ ಸಭೆಯಲ್ಲಿ ಒಪ್ಪಿಕೊಂಡವರು ಅವರೇ. ದಿನವೂ ಆ ಬಾವಿಯ ಪಕ್ಕ ಹಾದು ಹೋಗುತ್ತಿದ್ದವಳಿಗೆ ಆ ವಾರ ಮಾತ್ರ ಅದು ಕಣ್ಣಿಗೆ ಬಿತ್ತು.

ತಾಣವನ್ನು ಮೊದಲು ಸ್ವಚ್ಛ ಮಾಡಿದೆ. ಹಳೆಯ ಥೀಮ್ ಕಿತ್ತು ಹಾಕಿ, ವರ್ಡ್‌ಪ್ರೆಸ್‌ನವರದೇ ಭಂಡಾರದಲ್ಲಿ ಸಿಗುವ ಸಾದಾ ಥೀಮ್ ಹಾಕಿ, ಗುಪ್ತಪದಗಳನ್ನೆಲ್ಲ ಬದಲಿಸಿದೆ. ಆಮೇಲೆ ಬಸ್ಸು ಹತ್ತಿದೆ. ಪೀರನವಾಡಿ, ಮಚ್ಛೆ, ದೇಸೂರು ದಾಟುವಾಗ, ಫೋನಿನಲ್ಲೇ ಹೇಳಬಹುದಿತ್ತಲ್ಲ, ಈಗಲೂ ಇಳಿದು ಹಿಂದಿರುಗಬಹುದಲ್ಲ ಎಂದು ಮನಸ್ಸು ಮತ್ತೆ ವಕೀಲಿಕೆ ಸುರುಮಾಡಿತು. ಅವಳ ಅಂಗಳದಲ್ಲಿ ಕುಳಿತು, ಥೀಮ್ ಎಲ್ಲಿಂದ ತಂದೆ, ಏಕೆ ತಂದೆ, ಆ ಸಾಲನ್ನು ನೋಡಿಯೂ ಬಿಟ್ಟೆ ಎಂಬುದನ್ನೆಲ್ಲ ಹೇಳಿ, ಎಂಟು ಸಾವಿರದ ಐನೂರು ರೂಪಾಯಿ ಮುಂದಿಟ್ಟೆ.

ಅವಳು ಕ್ಷಮಿಸಿಬಿಟ್ಟಳೆಂದು ಬರೆದರೆ ಈ ಪ್ರಬಂಧಕ್ಕೆ ಚೆಂದವಾದೀತು. ಅವಳಿಗೆ ಸಿಟ್ಟು ಬಂತು. ದೀಪಾವಳಿಯ ಗಿರಾಕಿಗಳು ಹೋದರಲ್ಲ, ಅವರನ್ನು ಯಾರು ತಂದುಕೊಡುತ್ತಾರೆ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ದುಡ್ಡು ಎಣಿಸಿ ಒಳಗಿಟ್ಟಳು. ಬಹಳ ಹೊತ್ತಿನ ಮೇಲೆ ಅಂಗಳದ ಮೂಲೆಯಲ್ಲಿ ಬೇರೆಯಾಗಿ ಇಟ್ಟಿದ್ದ ಕುಂಡಗಳ ಕಡೆ ಕೈ ತೋರಿಸಿದಳು.

‘ಅವು ಒಡಕ ಅದಾವ್ರಿ. ನಾವೇನ ಒಗೀಯಂಗಿಲ್ಲ. ಗಿಡಾ ಹಚ್ಚಾಕ ಒಯ್ತಾರ. ಒಡಕ ಐತಿ ಅಂತ ಹೇಳೇ ಮಾರ್ತೀವಿ, ಅರ್ಧಾ ರೇಟಿಗೆ. ನೀವೂ ಅಷ್ಟ ಹೇಳಿದ್ರ ಆಗ್ತಿತ್ತು. ನಾ ಬ್ಯಾಡ ಅಂತಿರ್ಲಿಲ್ಲ.’

ನಾನು ಕಲಿತ ನೀತಿಶಾಸ್ತ್ರವೆಲ್ಲ ಇಷ್ಟೇ. ಪೂರ್ತಿ ಕಲಿಯುವ ತನಕ ಕೆಲಸ ಮಾಡಬಾರದೆಂದರೆ ಯಾರೂ ಎಂದೂ ಮಾಡಲಾಗದು. ಆರು ತಿಂಗಳಿಗೊಮ್ಮೆ ಬದಲಾಗುವ ಇಂಥ ವಿದ್ಯೆಯಲ್ಲಂತೂ ಪೂರ್ತಿ ಎಂಬುದೇ ಇಲ್ಲ. ಅರ್ಧ ವಿದ್ಯೆಯನ್ನು ಮಾರುವುದು ತಪ್ಪಲ್ಲ; ಅರ್ಧವನ್ನು ಪೂರ್ತಿ ಎಂದು ಮಾರುವುದು ತಪ್ಪು.

ಆದರೆ ಓದುತ್ತಿರುವ ನಿಮ್ಮಲ್ಲಿ ಕೆಲವರು ಇಲ್ಲಿ ತಲೆ ಅಲ್ಲಾಡಿಸುತ್ತೀರಿ ಎಂದು ನನಗೆ ಗೊತ್ತು. ಹೆಂಗಸರು ಹುಟ್ಟಿದಾಗಿನಿಂದ ‘ನನಗೇನು ಗೊತ್ತಿಲ್ಲ’ ಎಂದು ಹೇಳಿಯೇ ಬದುಕಿದ್ದಾರೆ. ಗೊತ್ತಿಲ್ಲದ ಗಂಡಸರು ಎದೆ ತಟ್ಟಿ ಕೆಲಸ ಹಿಡಿಯುವಾಗ, ಈಗಷ್ಟೇ ‘ಬರ್ತದ್ರಿ’ ಎನ್ನಲು ಕಲಿತವಳಿಗೆ ಮತ್ತೆ ಗೊತ್ತಿಲ್ಲ ಎನ್ನು ಎಂದು ಬೋಧಿಸುತ್ತೀರಾ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾನೂ ಬಹಳ ದಿನ ಇದರ ಮೇಲೆ ಯೋಚಿಸಿದ್ದೇನೆ. ನನಗೆ ತೋರುವುದೆಂದರೆ, ಗೊತ್ತಿಲ್ಲ ಎನ್ನುವುದರಲ್ಲಿ ಎರಡು ಬಗೆ ಇವೆ. ನಾವು ಚಿಕ್ಕಂದಿನಿಂದ ಹೇಳಿಕೊಂಡು ಬಂದ ‘ನನಗೇನು ಗೊತ್ತಿಲ್ಲ’ ಎಂಬುದು ಜವಾಬ್ದಾರಿಯಿಂದ ತಪ್ಪಿಸಿಕೊಳ್ಳುವ, ಇಲ್ಲವೇ ನಮ್ಮನ್ನು ತಪ್ಪಿಸಿಡುವ ಮಾತು. ಅದರಲ್ಲಿ ಎಲ್ಲವೂ ಗೊತ್ತಿಲ್ಲ. ಇನ್ನೊಂದು, ‘ಇದಿಷ್ಟು ಗೊತ್ತು, ಇದು ಗೊತ್ತಿಲ್ಲ’ ಎಂಬ ಗೆರೆ ಎಳೆದ ಮಾತು. ಆ ಗೆರೆ ಎಳೆಯಬೇಕಾದರೆ ಬಹಳಷ್ಟು ಗೊತ್ತಿರಬೇಕು. ಉದ್ದನೆಯ ಆ ಸಾಲನ್ನು ಕಂಡು ಕೈಮುಗಿದು ಮುಂದೆ ಹೋದದ್ದು ಮೊದಲ ಬಗೆಯದು. ಇದು ನನಗೆ ಅರ್ಥವಾಗಿಲ್ಲ, ಅರ್ಥವಾಗದೆ ಇದನ್ನು ಇನ್ನೊಬ್ಬರ ಮನೆಗೆ ಒಯ್ಯಲಾರೆ ಎಂದಿದ್ದರೆ ಅದು ಎರಡನೆಯದಾಗುತ್ತಿತ್ತು.

ಇದರಿಂದ ಕೆಲಸಗಳು ಕೈತಪ್ಪಿವೆ, ಅದನ್ನೂ ಹೇಳಬೇಕು. ಈಗ ಯಾರಾದರೂ ತಾಣ ಮಾಡಿಕೊಡಿ ಎಂದು ಬಂದರೆ, ಬರುವುದೇನು, ಬಾರದ್ದೇನು ಎಂದು ಒಂದು ಹಾಳೆಯಲ್ಲಿ ಕನ್ನಡದಲ್ಲಿ, ಬೇಕಾದವರಿಗೆ ಮರಾಠಿಯಲ್ಲಿ, ಬರೆದುಕೊಡುತ್ತೇನೆ. ಅದನ್ನು ಓದಿ, ಹಾಗಾದರೆ ಬೇರೆ ಕಡೆ ನೋಡುತ್ತೇವೆ ಎಂದು ಎದ್ದು ಹೋದವರಿದ್ದಾರೆ. ಬೇರೆ ಕಡೆ ಅವರಿಗೆ ಸಿಕ್ಕುವವರು ಇಂಥ ಹಾಳೆ ಕೊಡುವುದಿಲ್ಲ ಎಂದು ಗೊತ್ತಿದ್ದೂ ಸುಮ್ಮನಿರಬೇಕಾಗುತ್ತದೆ. ವಾರಕ್ಕೊಂದು ಮಧ್ಯಾಹ್ನ, ವರ್ಡ್‌ಪ್ರೆಸ್‌ನ ಇಂಗ್ಲಿಷ್ ಮಾತುಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ನನ್ನ ಪಾಲಿನ ಹತ್ತಿಪ್ಪತ್ತು ಸಾಲು ಮಾಡುತ್ತೇನೆ. ಪ್ರಪಂಚದ ಮೂಲೆಮೂಲೆಯಲ್ಲಿರುವ ನನ್ನ ಮಣ್ಣಿನ ಗುರುಗಳಿಗೆ ಹೆಬ್ಬೆರಳು ಬೇಕಾಗಿಲ್ಲ. ಅದನ್ನು ಉಪಯೋಗಿಸಿದರೆ ಸಾಕು.

ಖಾನಾಪುರದ ತಾಣ ಮರುವರ್ಷ ಮತ್ತೆ ನಡೆಯತೊಡಗಿತು. ಅದನ್ನು ನೋಡಿಕೊಳ್ಳುವವಳು ಈಗ ಆಕೆಯ ಸೊಸೆ. ಏನಾದರೂ ಕೆಟ್ಟರೆ ನನಗೆ ಫೋನು ಬರುತ್ತದೆ. ಮೊನ್ನೆಯೂ ಬಂದಿತ್ತು.

‘ಅಕ್ಕಾ, ತಾನಾಗೇ ಏನೋ ಆಗೇತ್ರಿ’ ಎಂದಳು. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತು ಬಿಟ್ಟು ಅವಳೇ ಹೇಳಿದಳು, ‘ಇಲ್ರಿ, ನಾನ ಏನೋ ಒತ್ತೀನಿ.’

ಹಾಗಾದರೆ ಏನು ಒತ್ತಿದೆ, ಮೊದಲಿನಿಂದ ಹೇಳು ಎಂದು ನಾನು ಕುರ್ಚಿ ಎಳೆದುಕೊಂಡು ಕುಳಿತೆ.